ಬೆಲೆಯ ಇಳಿಜಾರು ಮತ್ತು ಮಾರಾಟದ ಮೊತ್ತ

ವಿಡಿಯೊ ಗೇಮ್ ಕನ್ಸೋಲ್‌ಗಳ ಚರಿತ್ರೆಯನ್ನು ಕುರಿತ ಚರ್ಚೆಗಳಲ್ಲಿ ‘ಜೀವಿತಾವಧಿ ಮಾರಾಟ’ ಎಂಬ ಒಂದೇ ಸಂಖ್ಯೆಗೆ ಅಂತಿಮ ತೀರ್ಪಿನ ಮರ್ಯಾದೆ ದೊರೆತಿದೆ. ಕನ್ಸೋಲ್ ಎಂದರೆ ಆಟವಾಡುವುದಕ್ಕೆಂದೇ ತಯಾರಾದ, ಟಿವಿಗೆ ಜೋಡಿಸುವ ಇಲ್ಲವೆ ಕೈಯಲ್ಲಿ ಹಿಡಿದು ಬಳಸುವ ಗಣಕಯಂತ್ರ; ಅದು ಮಾರುಕಟ್ಟೆಗೆ ಬಂದ ದಿನದಿಂದ ಮಾರಾಟ ನಿಲ್ಲುವವರೆಗೆ ಒಟ್ಟು ಎಷ್ಟು ಯಂತ್ರಗಳು ಮಾರಾಟವಾದವು ಎಂಬ ಲೆಕ್ಕವೇ ಜೀವಿತಾವಧಿ ಮಾರಾಟ. ಈ ಲೆಕ್ಕದಲ್ಲಿ ಸೋನಿಯ ಪ್ಲೇಸ್ಟೇಷನ್ 2 ಸುಮಾರು 16 ಕೋಟಿ, ನಿಂಟೆಂಡೊ ಡಿಎಸ್ 15.4 ಕೋಟಿ ಮತ್ತು 2025ರ ಮಾರ್ಚ್ ಅಂತ್ಯದ ವೇಳೆಗೆ ನಿಂಟೆಂಡೊ ಸ್ವಿಚ್ 15.2 ಕೋಟಿ ತಲುಪಿದ್ದವು. ಇಂಥ ಯಶಸ್ಸಿಗೆ ಅಗ್ಗದ ಬೆಲೆಯೇ ಕಾರಣ ಎಂದು ಒಂದು ಪಕ್ಷ ಹೇಳಿದರೆ, ಒಳ್ಳೆಯ ಆಟಗಳಿದ್ದರೆ ಬೆಲೆ ಗೌಣ ಎಂದು ಇನ್ನೊಂದು ಪಕ್ಷ ವಾದಿಸುತ್ತದೆ. ಎರಡು ಪಕ್ಷಗಳೂ ಬಿಡುಗಡೆಯ ದಿನದ ಬೆಲೆಯನ್ನೇ ‘ಬೆಲೆ’ ಎಂದು ಭಾವಿಸಿ ವಾದಕ್ಕಿಳಿಯುವುದರಿಂದ ಚರ್ಚೆ ಇದ್ದಲ್ಲಿಯೇ ಸುತ್ತುತ್ತದೆ. ಕನ್ಸೋಲ್ ಒಂದರ ಆಯುಷ್ಯದುದ್ದಕ್ಕೂ ಬೆಲೆ ಹೇಗೆ, ಎಷ್ಟು, ಯಾವಾಗ ಇಳಿಯಿತು ಎಂಬ ಇಳಿಜಾರನ್ನು ಗಮನಿಸಿದರೆ ಮಾತ್ರ ಮಾರಾಟದ ಮೊತ್ತ ಅರ್ಥವಾಗುತ್ತದೆ.

ಮೊದಲಿಗೆ ಈ ಮೊತ್ತದ ಸ್ವರೂಪವನ್ನೇ ಪರಿಶೀಲಿಸುವುದು ಅಗತ್ಯ. ಕಂಪನಿಗಳು ಪ್ರಕಟಿಸುವ ಸಂಖ್ಯೆ ಸಾಮಾನ್ಯವಾಗಿ ಅಂಗಡಿಗಳಿಗೆ ರವಾನೆಯಾದ ಯಂತ್ರಗಳದ್ದು. ಗ್ರಾಹಕ ಹಣ ಕೊಟ್ಟು ಮನೆಗೆ ಒಯ್ದ ಯಂತ್ರಗಳ ಲೆಕ್ಕ ಬೇರೆ. ಸೋನಿ ಕಂಪನಿಯು ಕಾರ್ಖಾನೆಯಿಂದ ಹೊರಬಿದ್ದ ಯಂತ್ರಗಳನ್ನು ಎಣಿಸುವ ಪದ್ಧತಿಯನ್ನು 2007ರಲ್ಲಿ ಕೈಬಿಟ್ಟು, ತನ್ನ ಲೆಕ್ಕಪತ್ರದಲ್ಲಿ ಮಾರಾಟವೆಂದು ದಾಖಲಾದವುಗಳನ್ನು ಎಣಿಸತೊಡಗಿತು. ಮೈಕ್ರೋಸಾಫ್ಟ್ 2015ರಲ್ಲಿ ಎಕ್ಸ್‌ಬಾಕ್ಸ್‌ನ ಮಾರಾಟದ ಸಂಖ್ಯೆಯನ್ನು ಹೇಳುವುದನ್ನೇ ನಿಲ್ಲಿಸಿತು. ಹೀಗೆ ಹೋಲಿಸಲ್ಪಡುವ ಸಂಖ್ಯೆಗಳು ಬೇರೆ ಬೇರೆ ಅಳತೆಗೋಲಿನಿಂದ ಬಂದವುಗಳಾಗಿರುವುದರಿಂದ, ಕೆಲವು ಲಕ್ಷಗಳ ವ್ಯತ್ಯಾಸವನ್ನು ಹಿಡಿದು ಸೋಲು ಗೆಲುವನ್ನು ನಿರ್ಣಯಿಸುವುದರಲ್ಲಿ ಹುರುಳಿಲ್ಲ.

ಬೆಲೆಯ ಪ್ರಶ್ನೆ ಇಲ್ಲಿ ಸೋಪು, ಸಕ್ಕರೆಗಳ ಬೆಲೆಯಷ್ಟು ಸರಳವಾಗಿಲ್ಲದಿರುವುದಕ್ಕೆ ಈ ಉದ್ಯಮದ ರಚನೆಯೇ ಕಾರಣ. ಅರ್ಥಶಾಸ್ತ್ರಜ್ಞರು ಇದನ್ನು ದ್ವಿಮುಖ ಮಾರುಕಟ್ಟೆ ಎನ್ನುತ್ತಾರೆ. ಒಂದೇ ವೇದಿಕೆಯು ಎರಡು ಬಗೆಯ ಗಿರಾಕಿಗಳನ್ನು ಒಟ್ಟಿಗೆ ಸೇರಿಸಿ, ಒಬ್ಬರಿಂದ ಕಡಿಮೆ ಹಣವನ್ನೂ ಇನ್ನೊಬ್ಬರಿಂದ ಹೆಚ್ಚು ಹಣವನ್ನೂ ಪಡೆಯುವ ವ್ಯವಸ್ಥೆ ಅದು. ಮುಂದೆ ನೊಬೆಲ್ ಪಡೆದ ಝಾನ್ ಟಿರೋಲ್ ಅವರು ಝಾನ್ ಶಾರ್ಲ್ ರೋಶೆ ಅವರೊಡನೆ 2003ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಪರಿಕಲ್ಪನೆಗೆ ಗಟ್ಟಿಯಾದ ತಳಹದಿ ಹಾಕಿತು. ಕನ್ಸೋಲ್‌ನ ಒಂದು ಬದಿಯಲ್ಲಿ ಆಡುವವರು, ಇನ್ನೊಂದು ಬದಿಯಲ್ಲಿ ಆಟಗಳನ್ನು ಪ್ರಕಟಿಸುವ ಕಂಪನಿಗಳು ಇರುತ್ತವೆ. ಆಡುವವರ ಸಂಖ್ಯೆ ಬೆಳೆದಂತೆ ಪ್ರಕಾಶಕರು ಬರುತ್ತಾರೆ, ಆಟಗಳು ಹೆಚ್ಚಿದಂತೆ ಆಡುವವರು ಬರುತ್ತಾರೆ. ಪ್ರಕಾಶಕರು ಪ್ರತಿಯೊಂದು ಪ್ರತಿಗೂ ಕೊಡುವ ಪರವಾನಗಿ ಶುಲ್ಕವೇ ಕನ್ಸೋಲ್ ಕಂಪನಿಯ ನಿಜವಾದ ಆದಾಯ. ಆದ್ದರಿಂದ ಯಂತ್ರವನ್ನು ಅಸಲಿಗಿಂತ ಕಡಿಮೆಗೆ ಮಾರುವುದು ಇಲ್ಲಿ ಹುಚ್ಚುತನವೆನಿಸದೆ ಹೂಡಿಕೆಯೆನಿಸುತ್ತದೆ. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರ ಬಿಡಿಭಾಗಗಳನ್ನು ಐಸಪ್ಲೈ ಎಂಬ ವಿಶ್ಲೇಷಣಾ ಸಂಸ್ಥೆ ಬಿಚ್ಚಿ ಲೆಕ್ಕ ಹಾಕಿದಾಗ, 599 ಡಾಲರಿಗೆ ಮಾರಾಟವಾಗುತ್ತಿದ್ದ ಮಾದರಿಯ ತಯಾರಿಕೆಗೆ ಸುಮಾರು 840 ಡಾಲರ್ ತಗಲುತ್ತಿದೆಯೆಂದು ಅಂದಾಜಾಯಿತು. ಆ ಆರ್ಥಿಕ ವರ್ಷದಲ್ಲಿ ಸೋನಿಯ ಆಟದ ವಿಭಾಗ 23,000 ಕೋಟಿ ಯೆನ್‌ಗಿಂತ ಹೆಚ್ಚಿನ ನಷ್ಟ ಅನುಭವಿಸಿತು. ಹೂಡಿಕೆಗೂ ಒಂದು ಮಿತಿಯಿದೆಯೆಂಬುದಕ್ಕೆ ಇದೇ ಸಾಕ್ಷಿ.

ಅಗ್ಗದ ಆರಂಭಿಕ ಬೆಲೆಯೇ ಗೆಲುವಿನ ಮೂಲ ಎನ್ನುವವರು ಮೊದಲು ನೆನಪಿಸುವುದು 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಮೊದಲ ಇ3 ವಿಡಿಯೊ ಗೇಮ್ ಮೇಳವನ್ನು. ಸೆಗಾ ಕಂಪನಿ ತನ್ನ ಸ್ಯಾಟರ್ನ್ ಯಂತ್ರವನ್ನು 399 ಡಾಲರಿಗೆ ಅಂದೇ ಮಾರಾಟಕ್ಕಿಟ್ಟಿದ್ದೇವೆಂದು ಘೋಷಿಸಿದ ಮೇಲೆ, ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು 299 ಎಂಬ ಒಂದು ಸಂಖ್ಯೆಯನ್ನಷ್ಟೇ ಉಚ್ಚರಿಸಿ ಇಳಿದುಹೋದರು. ಮೊದಲ ಪ್ಲೇಸ್ಟೇಷನ್ 10 ಕೋಟಿಯನ್ನು ದಾಟಿತು. ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ. 2013ರಲ್ಲಿ 399 ಡಾಲರಿನ ಪ್ಲೇಸ್ಟೇಷನ್ 4, ಕಿನೆಕ್ಟ್ ಕ್ಯಾಮೆರಾವನ್ನು ಕಡ್ಡಾಯವಾಗಿ ಜೊತೆಗಿಟ್ಟು 499 ಡಾಲರಿಗೆ ಬಂದ ಎಕ್ಸ್‌ಬಾಕ್ಸ್ ಒನ್ ಅನ್ನು ಆರಂಭದಿಂದಲೇ ಹಿಂದಿಕ್ಕಿತು. ಈ ಎರಡು ಪ್ರಸಂಗಗಳಲ್ಲಿ ನೂರು ಡಾಲರಿನ ಅಂತರ ನಿರ್ಣಾಯಕವಾಗಿ ಕಾಣುವುದು ಸಹಜ. ಆದರೆ ಸ್ಯಾಟರ್ನ್‌ನ ದಿಢೀರ್ ಬಿಡುಗಡೆಯಿಂದ ಯಂತ್ರ ಸಿಗದ ಅಂಗಡಿಕಾರರು ಮುನಿಸಿಕೊಂಡಿದ್ದರು ಮತ್ತು ಆಡಲು ಬೆರಳೆಣಿಕೆಯ ಆಟಗಳಷ್ಟೇ ಇದ್ದವು ಎಂಬುದನ್ನು ಮರೆಯುವಂತಿಲ್ಲ. ಅದೇ ಸೆಗಾ 1999ರಲ್ಲಿ ಡ್ರೀಮ್‌ಕಾಸ್ಟ್ ಅನ್ನು 199 ಡಾಲರಿಗೆ ತಂದರೂ 2001ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿ ಕನ್ಸೋಲ್ ವ್ಯಾಪಾರದಿಂದಲೇ ಹೊರನಡೆಯಬೇಕಾಯಿತು. ನಿಂಟೆಂಡೊ ಗೇಮ್‌ಕ್ಯೂಬ್ ಪ್ರತಿಸ್ಪರ್ಧಿಗಳಿಗಿಂತ ನೂರು ಡಾಲರ್ ಕಡಿಮೆಗೆ ಬಂದು, 2003ರಲ್ಲಿ 99 ಡಾಲರಿಗೆ ಇಳಿದೂ ಒಟ್ಟು 2.17 ಕೋಟಿಗೆ ನಿಂತಿತು. ಆರಂಭದ ಅಗ್ಗದ ಬೆಲೆ ಗೆಲುವಿಗೆ ಸಾಕಾಗುವುದಾದರೆ ಇವೆರಡೂ ಸೋಲಬಾರದಿತ್ತು.

ದುಬಾರಿ ಆರಂಭವು ಸೋಲಿಗೆ ಸಾಕಾಗುವುದಾದರೆ ಪ್ಲೇಸ್ಟೇಷನ್ 3 ಮೂಲೆಗುಂಪಾಗಬೇಕಿತ್ತು. ಆದರೆ ತೆಳುವಾದ ಹೊಸ ಮಾದರಿ 2009ರಲ್ಲಿ 299 ಡಾಲರಿಗೆ ಬಂದ ಮೇಲೆ ಅದು ಚೇತರಿಸಿಕೊಂಡು, ಕೊನೆಗೆ 8.7 ಕೋಟಿಯನ್ನು ಮುಟ್ಟಿ, ಅದಕ್ಕಿಂತ ಒಂದು ವರ್ಷ ಮೊದಲೇ ಮತ್ತು ಅಗ್ಗವಾಗಿ ಬಂದಿದ್ದ ಎಕ್ಸ್‌ಬಾಕ್ಸ್ 360ಕ್ಕೆ ಸರಿಸಾಟಿಯಾಗಿ ನಿಂತಿತು. ಕಂಪನಿಗೆ ಆದ ನಷ್ಟವನ್ನು ಈ ಚೇತರಿಕೆ ಅಳಿಸಲಿಲ್ಲವಾದರೂ, ಮಾರಾಟದ ಮೊತ್ತಕ್ಕೆ ಮೊದಲ ಬೆಲೆಗಿಂತ ನಂತರದ ಬೆಲೆಗಳು ಹೆಚ್ಚು ಕಾರಣವೆಂಬುದನ್ನು ತೋರಿಸಿತು.

ಇಳಿಜಾರಿನ ಈ ಮಹತ್ವವನ್ನು ಅತ್ಯಂತ ಸ್ಪಷ್ಟವಾಗಿ ಕಾಣಬಹುದಾದದ್ದು ಪ್ಲೇಸ್ಟೇಷನ್ 2ರಲ್ಲಿ. ಅಮೆರಿಕದಲ್ಲಿ 2000ದ ಅಕ್ಟೋಬರಿನಲ್ಲಿ 299 ಡಾಲರಿಗೆ ಬಂದ ಈ ಯಂತ್ರ 2002ರಲ್ಲಿ 199ಕ್ಕೆ, 2003ರಲ್ಲಿ 179ಕ್ಕೆ, 2004ರಲ್ಲಿ 149ಕ್ಕೆ, 2006ರಲ್ಲಿ 129ಕ್ಕೆ, 2009ರಲ್ಲಿ 99ಕ್ಕೆ ಇಳಿಯಿತು. ಪ್ರತಿ ಇಳಿತದ ಹಿಂದೆಯೂ ತಯಾರಿಕೆಯ ಖರ್ಚಿನ ಇಳಿತವಿತ್ತು: ಮೊದಲು ಬೇರೆಬೇರೆಯಾಗಿದ್ದ ಮುಖ್ಯ ಸಂಸ್ಕಾರಕ ಮತ್ತು ಚಿತ್ರ ಮೂಡಿಸುವ ಚಿಪ್ಪುಗಳು ಕ್ರಮೇಣ ಕಿರಿದಾಗಿ ಒಂದೇ ಚಿಪ್ಪಿನಲ್ಲಿ ಸೇರಿಕೊಂಡವು, 2004ರಲ್ಲಿ ಯಂತ್ರವೇ ದಪ್ಪ ಪುಸ್ತಕದಷ್ಟು ಗಾತ್ರಕ್ಕೆ ಕುಗ್ಗಿತು. ಮುಖ್ಯವಾಗಿ ಗಮನಿಸಬೇಕಾದದ್ದು ಕಾಲಕ್ರಮವನ್ನು. ಪ್ಲೇಸ್ಟೇಷನ್ 2 ಹತ್ತು ಕೋಟಿಯ ಗಡಿ ದಾಟಿದ್ದು 2005ರ ನವೆಂಬರಿನಲ್ಲಿ. ಮುಂದಿನ ಪೀಳಿಗೆಯ ಎಕ್ಸ್‌ಬಾಕ್ಸ್ 360 ಬಿಡುಗಡೆಯಾದದ್ದೂ ಅದೇ ತಿಂಗಳು. ಅಂದರೆ ತಂತ್ರಜ್ಞಾನದ ದೃಷ್ಟಿಯಿಂದ ಹಳತಾಯಿತೆಂದು ಎಲ್ಲರೂ ಭಾವಿಸಿದ ಮೇಲೆ ಆ ಯಂತ್ರ ತನ್ನ ಮೊತ್ತದ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲನ್ನು ಗಳಿಸಿತು. 2013ರ ಆರಂಭದವರೆಗೂ ತಯಾರಿಕೆ ನಡೆದ ಈ ಉತ್ತರಾರ್ಧದಲ್ಲಿ, ಹೊಸ ಪೀಳಿಗೆಯ ಬೆಲೆ ಎಟುಕದ ಮಾರುಕಟ್ಟೆಗಳಿಗೂ ಅದು ಹಬ್ಬಿತು. ಹೈದರಾಬಾದಿನ ಔರೋನಾ ಟೆಕ್ನಾಲಜೀಸ್ ರೂಪಿಸಿದ ‘ಹನುಮಾನ್: ಬಾಯ್ ವಾರಿಯರ್’ ಎಂಬ ಆಟ 2009ರಲ್ಲಿ ಬಂದದ್ದು ಪ್ಲೇಸ್ಟೇಷನ್ 3ಕ್ಕಲ್ಲ, ಪ್ಲೇಸ್ಟೇಷನ್ 2ಕ್ಕೆ ಎಂಬುದು, ಭಾರತದಲ್ಲಿ ಯಾವ ಯಂತ್ರ ಜನರ ಕೈಗೆಟುಕುತ್ತಿತ್ತು ಎಂಬುದನ್ನು ಹೇಳುತ್ತದೆ.

ಬೆಲೆ ಇಳಿದೇ ಇಳಿಯುತ್ತದೆಂದು ಗೊತ್ತಿದ್ದರೆ ಜನ ಮೊದಲೇ ಏಕೆ ಕೊಳ್ಳುತ್ತಾರೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1972ರಲ್ಲಿ ಬಾಳಿಕೆ ಬರುವ ಸರಕುಗಳ ಏಕಸ್ವಾಮ್ಯವನ್ನು ಕುರಿತು ಎತ್ತಿದ್ದು ಇದೇ ಪ್ರಶ್ನೆಯನ್ನು: ಕೊಳ್ಳುವವರು ಕಾಯಬಲ್ಲವರಾದರೆ, ಮಾರುವವನು ತನ್ನ ಮುಂದಿನ ಅಗ್ಗದ ಬೆಲೆಯೊಡನೆ ತಾನೇ ಸ್ಪರ್ಧಿಸಬೇಕಾಗುತ್ತದೆ. ಕನ್ಸೋಲ್‌ಗಳಲ್ಲಿ ಈ ತರ್ಕ ಪೂರ್ತಿಯಾಗಿ ಅನ್ವಯಿಸದಿರುವುದಕ್ಕೆ ಆಟಗಳೇ ಕಾರಣ. ಗೆಳೆಯರೆಲ್ಲ ಈ ವರ್ಷ ಆಡುತ್ತಿರುವ ಆಟವನ್ನು ಮೂರು ವರ್ಷದ ನಂತರ ಆಡುವುದರಲ್ಲಿ ಅದೇ ಸುಖವಿರುವುದಿಲ್ಲವಾದ್ದರಿಂದ ಆತುರವುಳ್ಳವನು ಹೆಚ್ಚು ಬೆಲೆ ಕೊಡುತ್ತಾನೆ, ಸಂಬಳ ಎಣಿಸಿ ಖರ್ಚು ಮಾಡುವವನು ಕಾಯುತ್ತಾನೆ. ಪ್ರತಿಯೊಂದು ಬೆಲೆಯೂ ಕೊಳ್ಳುವವರ ಒಂದೊಂದು ಪದರವನ್ನು ಒಳಗೆ ಕರೆದುಕೊಳ್ಳುತ್ತದೆ. ಜೀವಿತಾವಧಿ ಮಾರಾಟವೆಂದರೆ ಹೀಗೆ ಒಳಬಂದ ಪದರಗಳ ಮೊತ್ತ.

ಹಾಗೆಂದು ಬೆಲೆ ಇಳಿಸಿದರೆ ಸಾಕೆಂಬ ತೀರ್ಮಾನಕ್ಕೂ ಬರಲಾಗದು. ನಿಂಟೆಂಡೊ ವೀ 2009ರ ಮಾರ್ಚಿಗೆ ಮುಗಿದ ವರ್ಷದಲ್ಲಿ 2.6 ಕೋಟಿಯಷ್ಟು ಮಾರಾಟವಾಗಿತ್ತು; 2009ರ ಸೆಪ್ಟೆಂಬರಿನಲ್ಲಿ ಬೆಲೆ 249ರಿಂದ 199 ಡಾಲರಿಗೆ ಇಳಿದರೂ ಮುಂದಿನ ವರ್ಷಗಳಲ್ಲಿ ಮಾರಾಟ ಒಂದೇ ಸಮನೆ ಕುಸಿಯಿತು, ಏಕೆಂದರೆ ಆ ವೇಳೆಗೆ ಅದರ ಆಟಗಳ ಹರಿವು ಬತ್ತತೊಡಗಿತ್ತು. ನಿಂಟೆಂಡೊ 3ಡಿಎಸ್‌ನ ಪ್ರಸಂಗ ಇನ್ನಷ್ಟು ತೊಡಕಿನದು. 2011ರ ಮಾರ್ಚಿನಲ್ಲಿ ಅಮೆರಿಕದಲ್ಲಿ 249 ಡಾಲರಿಗೆ ಬಂದ ಅದು ಕೊಳ್ಳುವವರಿಲ್ಲದೆ ಆಗಸ್ಟಿನಲ್ಲೇ 169ಕ್ಕೆ ಇಳಿಯಿತು. ಅಧ್ಯಕ್ಷ ಸತೊರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು, ಮೊದಲು ಕೊಂಡವರಿಗೆ ಸಮಾಧಾನವಾಗಿ ಇಪ್ಪತ್ತು ಹಳೆಯ ಆಟಗಳನ್ನು ಉಚಿತವಾಗಿ ನೀಡಲಾಯಿತು. ಆ ಮೇಲೆ ಮಾರಾಟ ಏರಿತೆಂಬುದು ನಿಜ. ಆದರೆ ಅದೇ ವರ್ಷದ ಕೊನೆಯಲ್ಲಿ ‘ಸೂಪರ್ ಮಾರಿಯೊ 3ಡಿ ಲ್ಯಾಂಡ್’ ಮತ್ತು ‘ಮಾರಿಯೊ ಕಾರ್ಟ್ 7’ ಬಂದವೆಂಬುದೂ ಅಷ್ಟೇ ನಿಜ. ಎರಡು ಕಾರಣಗಳು ಒಟ್ಟಿಗೆ ಬಂದಾಗ ಫಲವನ್ನು ಒಂದರ ಖಾತೆಗೇ ಬರೆಯುವುದು ತರ್ಕದೋಷವಾಗುತ್ತದೆ. ಆಡುವ ಆಸೆ ಇದ್ದೂ ಹಣವಿಲ್ಲದವನನ್ನು ಮಾತ್ರ ಬೆಲೆಯ ಇಳಿತ ಕರೆತರಬಲ್ಲದು; ಆಸೆಯನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ.

ಈ ವಾದಕ್ಕೆ ಅತಿ ದೊಡ್ಡ ಸವಾಲೆಂದರೆ ಸ್ವಿಚ್. 2017ರ ಮಾರ್ಚಿನಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಅದರ ಮೂಲ ಮಾದರಿಯ ಬೆಲೆ ಅಲ್ಲಿ ಎಂದೂ ಅಧಿಕೃತವಾಗಿ ಇಳಿಯಲಿಲ್ಲ, 2025ರ ಆಗಸ್ಟಿನಲ್ಲಿ 339ಕ್ಕೆ ಏರಿತು. ಆದರೂ ಅದು ಪ್ಲೇಸ್ಟೇಷನ್ 2ರ ಸಮೀಪಕ್ಕೆ ಬಂದಿತು. ಇದರಿಂದ ಇಳಿಜಾರಿನ ಮಾತು ಸುಳ್ಳಾದಂತೆ ತೋರಬಹುದಾದರೂ, ನಿಂಟೆಂಡೊ ಬೆಲೆಯನ್ನು ಕಾಲಕ್ರಮದಲ್ಲಿ ಇಳಿಸುವ ಬದಲು ಮಾದರಿಗಳಲ್ಲಿ ಹಂಚಿತ್ತು: 2019ರಲ್ಲಿ ಕೈಯಲ್ಲಷ್ಟೇ ಆಡಬಹುದಾದ ಸ್ವಿಚ್ ಲೈಟ್ 199 ಡಾಲರಿಗೂ 2021ರಲ್ಲಿ ಉತ್ತಮ ಪರದೆಯ ಓಎಲ್‌ಇಡಿ ಮಾದರಿ 349 ಡಾಲರಿಗೂ ಬಂದವು. ಇದಲ್ಲದೆ, ಟಿವಿಗೆ ಜೋಡಿಸುವ ಯಂತ್ರ ಮನೆಗೊಂದು ಸಾಕಾದರೆ, ಕೈಯಲ್ಲಿ ಹಿಡಿಯುವ ಯಂತ್ರ ಮನೆಯಲ್ಲಿ ತಲೆಗೊಂದು ಬೇಕೆನಿಸುವುದರಿಂದ ಎರಡು ಮೊತ್ತಗಳು ಅಳೆಯುವ ವಸ್ತುವೇ ಬೇರೆ. ಒಂದು ಹೊಸ ಮನೆಗಳಿಗೆ ಹಬ್ಬಿದ ಲೆಕ್ಕವಾದರೆ ಇನ್ನೊಂದರಲ್ಲಿ ಅದೇ ಮನೆಯ ಎರಡನೆಯ, ಮೂರನೆಯ ಖರೀದಿಯೂ ಸೇರಿದೆ.

ಈಚಿನ ವರ್ಷಗಳಲ್ಲಿ ಇಳಿಜಾರೇ ಏರುಮುಖವಾಗಿದೆ. 2020ರಲ್ಲಿ 499 ಡಾಲರಿಗೆ ಬಂದ ಪ್ಲೇಸ್ಟೇಷನ್ 5ರ ಬೆಲೆಯನ್ನು 2022ರಲ್ಲಿ ಯುರೋಪ್, ಜಪಾನ್ ಮೊದಲಾದೆಡೆ, 2025ರ ಆಗಸ್ಟಿನಲ್ಲಿ ಅಮೆರಿಕದಲ್ಲಿಯೂ ಏರಿಸಲಾಯಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಯಂತ್ರದ ಬೆಲೆಯನ್ನು 2025ರಲ್ಲಿ ಎರಡು ಬಾರಿ ಏರಿಸಿತು. ಚಿಪ್ಪುಗಳು ಕಿರಿದಾದರೂ ಹಿಂದಿನಂತೆ ಅಗ್ಗವಾಗದಿರುವುದು ಇದರ ಮುಖ್ಯ ಕಾರಣ, ಆಮದು ಸುಂಕ ಮತ್ತು ವಿನಿಮಯ ದರಗಳು ಅದಕ್ಕೆ ಸೇರಿಕೊಂಡ ಕಾರಣಗಳು. ಹಣದುಬ್ಬರವನ್ನು ಗಣಿಸಿದರೆ 1995ರ 299 ಡಾಲರ್ ಇಂದಿನ 600 ಡಾಲರನ್ನು ಮೀರುತ್ತದೆ, ಹಾಗಾಗಿ ಇಂದಿನ ಯಂತ್ರಗಳು ದುಬಾರಿಯಲ್ಲ ಎಂದು ಕೆಲವರು ಸಮರ್ಥಿಸುತ್ತಾರೆ. ಲೆಕ್ಕ ಸರಿಯಾದರೂ ತೀರ್ಮಾನ ಸರಿಯಲ್ಲ, ಏಕೆಂದರೆ ಆ 299 ಡಾಲರ್ ಕೆಲವೇ ವರ್ಷಗಳಲ್ಲಿ 99ಕ್ಕೆ ಇಳಿಯಿತು, ಇಂದಿನ 499 ಐದು ವರ್ಷಗಳ ಮೇಲೂ ಏರುತ್ತಿದೆ. ಪ್ಲೇಸ್ಟೇಷನ್ 4ರ ಅಧಿಕೃತ ಬೆಲೆ 299 ಡಾಲರಿಗಿಂತ ಕೆಳಗೆ ನೆಲೆಗೊಳ್ಳಲೇ ಇಲ್ಲವೆಂಬುದೂ, ಅದರ ಮಾರಾಟ 11.7 ಕೋಟಿಗೆ ನಿಂತಿತೆಂಬುದೂ ಇದರೊಂದಿಗೆ ಹೊಂದುತ್ತವೆ. ಡಿವಿಡಿ ಪ್ಲೇಯರ್ ಆಗಿಯೂ ಬಳಕೆಯಾದ ಪ್ಲೇಸ್ಟೇಷನ್ 2ರ ಅನುಕೂಲ ಅದಕ್ಕಿರಲಿಲ್ಲವೆಂಬುದು ನಿಜವಾದರೂ, ಕೊನೆಯ ಮೆಟ್ಟಿಲುಗಳೇ ಇಲ್ಲದ್ದರಿಂದ ಕೆಳಗಿನ ಪದರಗಳು ಒಳಗೆ ಬರಲಾಗಲಿಲ್ಲ ಎಂದು ಊಹಿಸಲು ಆಧಾರವಿದೆ. ಭಾರತದಲ್ಲಿ ಪ್ಲೇಸ್ಟೇಷನ್ 5 ಮೊದಲು ಬಂದದ್ದೇ 49,990 ರೂಪಾಯಿಗೆ. ಆ ಬೆಲೆಯ ಎದುರು, ಹೇಗೂ ಕೈಯಲ್ಲಿರುವ ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುವ ಆಟ ಗೆಲ್ಲುವುದು ಅನಿವಾರ್ಯ.

ಆದ್ದರಿಂದ ಯಾವ ಕನ್ಸೋಲ್ ಹೆಚ್ಚು ಮಾರಾಟವಾಯಿತು ಎಂಬ ಪ್ರಶ್ನೆಗಿಂತ, ಅದು ಯಾವ ಯಾವ ಬೆಲೆಗಳಲ್ಲಿ ಯಾರನ್ನು ತಲುಪಿತು ಎಂಬ ಪ್ರಶ್ನೆ ಹೆಚ್ಚು ಫಲಪ್ರದವಾದುದು. ಆಟಗಳ ಬಲವಿಲ್ಲದ ಅಗ್ಗದ ಬೆಲೆ ನಿಷ್ಫಲ, ಇಳಿತದ ದಾರಿಯಿಲ್ಲದ ಒಳ್ಳೆಯ ಆಟಗಳಿಗೆ ಒಂದು ಮೇಲ್ಮಿತಿಯಿದೆ ಎಂಬ ಎರಡು ಮಾತುಗಳನ್ನೂ ಒಟ್ಟಿಗೆ ಒಪ್ಪಿಕೊಂಡರೆ ಎರಡು ಪಕ್ಷಗಳ ಹಳೆಯ ಜಗಳ ಬಹುಮಟ್ಟಿಗೆ ಕರಗುತ್ತದೆ. ಉಳಿಯುವುದು ಉದ್ಯಮದ ಮುಂದಿನ ಆಯ್ಕೆ: ಬೆಲೆ ಕೊಡಬಲ್ಲವರಿಂದಲೇ ಆಟಗಳ, ಚಂದಾಗಳ ಮೂಲಕ ಹೆಚ್ಚು ಹಣ ಪಡೆದು ಲಾಭ ಗಳಿಸುವುದು ಸಾಧ್ಯವಿದೆ ಮತ್ತು ಲೆಕ್ಕಪತ್ರದ ದೃಷ್ಟಿಯಿಂದ ಅದು ವಿವೇಕವೂ ಹೌದು, ಆದರೆ ಆ ದಾರಿಯನ್ನು ಹಿಡಿದ ಕಂಪನಿ, 99 ಡಾಲರಿನ ಮೆಟ್ಟಿಲಿನ ಮೇಲೆ ನಿಂತು ಕಟ್ಟಿದ ಹಳೆಯ ದಾಖಲೆಯನ್ನು ಮುರಿಯುವ ನಿರೀಕ್ಷೆಯನ್ನು ಬಿಟ್ಟುಕೊಡಬೇಕಾಗುತ್ತದೆ.