ಊರ ಮೆಕ್ಯಾನಿಕ್ ಚೀಟಿಗೂ ಬೆಲೆ ಕೊಡಿ

"ಸರ್ವಿಸ್ ಹಿಸ್ಟರಿ ಇಲ್ವಾ? ಹಾಗಾದ್ರೆ ರೇಟ್ ಇಳಿಸಿ." ಬೆಂಗಳೂರಿನಲ್ಲಿ ಕೂತ ನಾವು ಹಳೇ ಕಾರಿಗೆ ಚೌಕಾಸಿ ಮಾಡೋದೇ ಹೀಗೆ. ನಮ್ಮ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಫ್ರೀ ಸರ್ವಿಸ್ ಮುಗಿದ ಮೇಲೆ ಎಷ್ಟೋ ಗಾಡಿ ನೋಡಿಕೊಳ್ಳೋದು ಊರ ಮೆಕ್ಯಾನಿಕ್. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೂ ಕಂಪನಿ ದಾಖಲೆಯಲ್ಲಿ ಆ ವರ್ಷಗಳು ಖಾಲಿ. ಎಕ್ಸ್‌ಟೆಂಡೆಡ್ ವಾರಂಟಿಗೆ ದುಡ್ಡು ಕಟ್ಟಿದ್ದರೂ, ಹೊರಗೆ ಸರ್ವಿಸ್ ಮಾಡಿಸಿದರೆ ಕ್ಲೇಮ್ ತಳ್ಳಿಹಾಕಲು ಷರತ್ತು ಸಿದ್ಧವಿರುತ್ತದೆ.

2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರ್‌ಗಳಿಗೆ ಆರ್‌ಟಿಒ ಅಧಿಕಾರಪತ್ರ ಬೇಕು. ಒಳ್ಳೆಯದೇ. ಆದರೆ ಆ ಪತ್ರ ನೋಡಿ ಎಂಜಿನ್ ಹೇಗಿದೆ ಅಂತ ಗೊತ್ತಾಗಲ್ಲ.

ಮೊಹರಿಗೆ ಮರುಳಾಗಬೇಡಿ. ದಿನಾಂಕ, ಕಿಲೋಮೀಟರ್, ಬದಲಿಸಿದ ಪಾರ್ಟ್ ಬರೆದ ಚೀಟಿ ಕೇಳಿ; ಗಾಡಿಯನ್ನು ಬೇರೆ ಮೆಕ್ಯಾನಿಕ್‌ಗೆ ತೋರಿಸಿ. ಎರಡೂ ತಾಳೆಯಾದರೆ ಮಾರುವವರಿಗೆ ಪೂರಾ ರೇಟ್ ಕೊಡಿ.