ಬಚ್ಚಲು ಒಳಗೆ ಬಂತು

ಸೋದರಿಯರೇ, ಈ ಸಲ ನಿಮ್ಮನ್ನು ಅಡಿಗೆಮನೆ ಬಿಡಿಸಿ ಬಚ್ಚಲಮನೆಗೆ ಕರೆದೊಯ್ಯುತ್ತೇನೆ. ಮೂಗು ಮುರಿಯಬೇಡಿ!

ಎಷ್ಟೋ ಹಳೆಯ ಮನೆಗಳಲ್ಲಿ ಹಂಡೆ, ಒಲೆ, ಬಚ್ಚಲು ಎಲ್ಲಾ ಹಿತ್ತಲಲ್ಲಿ. ಒಳಗೆ ಕಮೋಡು, ಬೇಸಿನ್ನು ಇರುವ ಪುಟ್ಟ ಕೋಣೆ ಮಾತ್ರ. ನಮ್ಮನೆಯೂ ಹಾಗೇ ಇತ್ತು. ಹೋದ ಮಳೆಗಾಲ ನಮ್ಮ ಅತ್ತೆ ಪಾಚಿಗಟ್ಟಿದ ಹಿತ್ತಲ ಮೆಟ್ಟಿಲಲ್ಲಿ ಜಾರಿದರು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಆದರೆ ಮೀಯದೆ ಒಲೆ ಮುಟ್ಟದ ಜೀವ, ಆಮೇಲೆ "ನಾಳೆ ಮಾಡ್ತೀನಮ್ಮ" ಅಂತ ಸ್ನಾನವನ್ನೇ ಮುಂದೂಡತೊಡಗಿತು. ನೋಡಲಾರದೆ, ಒಳಗಿನ ಕೋಣೆಯಲ್ಲೇ ಸ್ನಾನಕ್ಕೂ ಅನುಕೂಲ ಮಾಡೋಣವೆಂದು ನಾನೂ ಯಜಮಾನರೂ ನಿಶ್ಚಯಿಸಿದೆವು.

ಮೊದಲು ಅಳತೆ. ಶೌಚ, ಸ್ನಾನ ಎರಡೂ ಇರುವ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕನಿಷ್ಠ 2.8 ಚದರ ಮೀಟರು, ಅಂದರೆ ಸುಮಾರು 30 ಚದರ ಅಡಿ ಬೇಕು. ಅಗಲ 4 ಅಡಿ. ನಮ್ಮದು ಸರಿಯಾಗಿ ಅಷ್ಟೇ! ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದೆವು. ಜಾಗವೂ ಉಳಿಯಿತು, ಒಳಗೆ ಯಾರಾದರೂ ಬಿದ್ದರೆ ತೆಗೆಯಲೂ ಸುಲಭ. ಕಮೋಡು ಬಾಗಿಲ ಬಳಿ ಇದ್ದಲ್ಲೇ ಇರಲಿ, ಸ್ನಾನ ಕೊನೆಯಲ್ಲಿ, ಹೊರಗೋಡೆಯ ಪಕ್ಕ. ಆಗ ನೀರು ಹೊರಹಾಕುವುದು ಹಗುರ.

ಇನ್ನು ನಮ್ಮ ದಡ್ಡತನ ಕೇಳಿ. ಹಬ್ಬದೊಳಗೆ ಮುಗಿಸಬೇಕೆಂಬ ಆತುರದಲ್ಲಿ ಪರೀಕ್ಷೆ ಮಾಡದೆ ಟೈಲ್ಸ್ ಹಾಕಿಬಿಟ್ಟೆವು. ಮೊದಲ ಚೊಂಬು ನೀರು ಹೊಯ್ದೆ ನೋಡಿ, ಅದು ಮೋರಿಯ ಕಡೆಗಲ್ಲ, ಬಾಗಿಲಿಗೇ ಓಡಿಬಂತು! ಎಲ್ಲಾ ಒಡೆದು ಮತ್ತೆ ಶುರು.

ಎರಡನೆಯ ಸಲ ಹೀಗೆ ಮಾಡಿದೆವು. ಬಾಗಿಲಿಂದ ಮೋರಿಯವರೆಗೆ ಒಂದೊಂದು ಅಡಿಗೂ ಕಾಲಂಗುಲ ಇಳಿಜಾರು. ದಾರ ಕಟ್ಟಿ, ಗೋಡೆಯ ಮೇಲೆ ಗುರುತು ಹಾಕಿಕೊಂಡೆವು. ಮೋರಿಗೆ ನಹಾನಿ ಟ್ರ್ಯಾಪ್ ಕೂರಿಸಿದೆವು; ಅದರಲ್ಲಿ ನಿಲ್ಲುವ 2 ಅಂಗುಲ ನೀರೇ ದುರ್ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು. ಸೋಪಿನ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡದೆ ಬೇರೆ ಪೈಪಿನಲ್ಲಿ ಬಾಳೆಗಿಡಕ್ಕೆ ಹರಿಸಿದೆವು. ನೆಲಕ್ಕೂ ಗೋಡೆಯ ಬುಡಕ್ಕೂ ನೀರು ತಡೆಯುವ ಲೇಪ ಎರಡು ಸಲ ಬಳಿದು, ಒಣಗಿದ ಮೇಲೆ ಬಾಗಿಲಿಗೆ ಮಣ್ಣಿನ ಕಟ್ಟೆ ಹಾಕಿ, ಮೋರಿಗೆ ಬಟ್ಟೆ ತುರುಕಿ, ನೀರು ತುಂಬಿಸಿ ಇಡೀ ಒಂದು ದಿನ ಬಿಟ್ಟೆವು. ಮರುದಿನ ಹೊರಗೋಡೆಯಲ್ಲಿ ತೇವವಿಲ್ಲ! ಆಮೇಲಷ್ಟೇ ಟೈಲ್ಸ್, ಅದೂ ಒರಟು ಮೈಯದು. ಹೊಳೆಯುವ ಟೈಲ್ಸ್ ಅಂಗಡಿಯಲ್ಲಿ ಚೆಂದ, ಒದ್ದೆ ಕಾಲಿಗೆ ಶತ್ರು.

ಕರೆಂಟಿನ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. ಬಲ್ಲವರಿಂದಲೇ ಗೀಸರಿಗೆ ಅರ್ಥಿಂಗ್ ಮಾಡಿಸಿ, ಸೋರಿಕೆಯಾದೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಗ್ಯಾಸ್ ಗೀಸರನ್ನಂತೂ ಬಚ್ಚಲೊಳಗೆ ಇಡಲೇಬೇಡಿ. ಅದು ಉರಿಯುವಾಗ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಪ್ರಾಣವನ್ನೇ ತೆಗೆದೀತು. ಗೋಡೆಗೊಂದು ಗಟ್ಟಿ ಹಿಡಿಕೆ, ಮೇಲೊಂದು ಗಾಳಿಕಿಂಡಿ ಮರೆಯಬೇಡಿ.

ಈಗ ನಮ್ಮ ಅತ್ತೆ ಹಿಡಿಕೆ ಹಿಡಿದು, ಮಣೆಯ ಮೇಲೆ ಕೂತು ನಿತ್ಯ ಮೀಯುತ್ತಾರೆ. "ಇನ್ನೂ ಎದ್ದಿಲ್ಲವೇನೇ?" ಅಂತ ನನ್ನನ್ನೇ ಕೂಗುತ್ತಾರೆ! ಒಡೆದ ಟೈಲ್ಸಿನ ಲೆಕ್ಕ ಅಲ್ಲಿಗೆ ಚುಕ್ತಾ.