ಓಟಗಾರರ ತಟ್ಟೆಯಲ್ಲಿ ಹುರುಳಿ

ಕಾರವಾರದ ಟಾಗೋರ್ ಕಡಲತೀರದಲ್ಲಿ ನಸುಕಿಗೆ ಓಡುವವರೆಲ್ಲರೂ ಪದಕಕ್ಕಾಗಿ ಓಡುವುದಿಲ್ಲ. ಸೇನೆ, ಪೊಲೀಸ್ ಭರ್ತಿಯ ದೈಹಿಕ ಪರೀಕ್ಷೆಗೆ ಮೈ ಹದಗೊಳಿಸುವವರೂ ಅವರಲ್ಲಿದ್ದಾರೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗೆ ಕಾರವಾರ–ಅಂಕೋಲಾ ತೀರದ ಗದ್ದೆ, ಮನೆ, ದೋಣಿತಾಣಗಳು ಸಂದುಹೋದ ಮೇಲೆ ಸರ್ಕಾರಿ ನೌಕರಿಯೊಂದು ಈ ಭಾಗದ ಅನೇಕ ಕುಟುಂಬಗಳ ಊರುಗೋಲಾಯಿತು. ಅದಕ್ಕಾಗಿ ಓಡುವ ಹುಡುಗ ಸಾಲ ಮಾಡಿಯಾದರೂ ಪ್ರೋಟೀನ್ ಪುಡಿಯ ಡಬ್ಬಿ ಕೊಳ್ಳಬೇಕೆಂಬ ನಂಬಿಕೆಯನ್ನು ಯಾರು ಬಿತ್ತಿದರೋ! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ಮೈಕಟ್ಟಿಗಾಗಿ ಇಂಥ ಪುಡಿಗಳ ಮೊರೆ ಹೋಗಬಾರದೆಂದೇ ಹೇಳಿದೆ.

ಲೆಕ್ಕ ಹಾಕಿ ನೋಡಬಹುದು. ಕಠಿಣ ಅಭ್ಯಾಸ ಮಾಡುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕೆಂಬುದು ಕ್ರೀಡಾವಿಜ್ಞಾನದ ಸಾಮಾನ್ಯ ಅಳತೆ. 55 ಕಿಲೋ ತೂಗುವ ಓಟಗಾರನಿಗೆ ಕನಿಷ್ಠ 66 ಗ್ರಾಂ. 300 ಗ್ರಾಂ ಕುಚ್ಚಲಕ್ಕಿಯಲ್ಲಿ ಸುಮಾರು 24, 50 ಗ್ರಾಂ ಹುರುಳಿಯಲ್ಲಿ 11, ಅಷ್ಟೇ ತೊಗರಿಬೇಳೆಯಲ್ಲಿ 11, 50 ಗ್ರಾಂ ಶೇಂಗಾದಲ್ಲಿ 12, ಒಂದೂವರೆ ಲೋಟ ಹಾಲಿನಲ್ಲಿ 10 ಗ್ರಾಂ. ಕೂಡಿದರೆ 68. ಅಕ್ಕಿಯಲ್ಲಿ ಕೊರತೆಯಾದ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬೇಳೆಕಾಳು ತುಂಬಿಕೊಡುತ್ತದೆ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಅನ್ನ ಮತ್ತು ಹುರುಳಿ ಸಾರನ್ನು ಜೋಡಿಸಿದ ಅಜ್ಜಿಗೆ ಈ ಹೆಸರುಗಳು ತಿಳಿದಿರಬೇಕಾಗಿರಲಿಲ್ಲ. ಓಟಕ್ಕೆ ಬೇಕಾದ ಇಂಧನವಂತೂ ಮುಖ್ಯವಾಗಿ ಪಿಷ್ಟವೇ. ಜೋಯಿಡಾದ ಕುಣಬಿಗಳ ಗೆಡ್ಡೆಗೆಣಸುಗಳಲ್ಲಿ ಅದು ಧಾರಾಳವಾಗಿದೆ. ಬೆವರಿ ಬಂದವರಿಗೆ ಉಪ್ಪು ಬೆರೆಸಿದ ಗಂಜಿಯು ನೀರು, ಸೋಡಿಯಂ, ಪಿಷ್ಟ ಮೂರನ್ನೂ ಒಮ್ಮೆಗೇ ಕೊಡುತ್ತದೆ. ಬಣ್ಣದ ಬಾಟಲಿ ಬೇಕಿಲ್ಲ.

ಸಸ್ಯಾಹಾರದಿಂದ ಬಲ ಬಾರದೆಂಬ ಮಾತಿಗೆ ಉತ್ತರ ಹಳೆಯದು. ಆಸ್ಟ್ರೇಲಿಯಾದ ಈಜುಗಾರ ಮರ್ರೆ ರೋಸ್ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದದ್ದು ಸಸ್ಯಾಹಾರಿಯಾಗಿಯೇ. ಕಾರ್ಲ್ ಲೂಯಿಸ್ 1991ರಲ್ಲಿ ಟೋಕಿಯೋದಲ್ಲಿ 100 ಮೀಟರನ್ನು 9.86 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದಾಗ ಹಾಲನ್ನೂ ಬಿಟ್ಟಿದ್ದರು.

ಆದರೆ ಇಲ್ಲಿ ಎಚ್ಚರ ಬೇಕು. ಮೀನು ತಿನ್ನುವ ಕರಾವಳಿಯ ಮನೆಗಳಿಗೆ ಹೋಗಿ ಬಂಗಡೆ ಬಿಡಿ ಎಂದು ಉಪದೇಶಿಸುವುದು ಪರಿಸರ ಚಳವಳಿಯ ಕೆಲಸವಲ್ಲ, ಅದು ಅವಿವೇಕ. ಪ್ರಶ್ನೆಯಿರುವುದು ಮೀನು ಕೊಳ್ಳಲಾಗದ ದಿನಗಳಲ್ಲಿಯೂ, ಮೀನನ್ನೇ ತಿನ್ನದ ಮನೆಯಲ್ಲಿಯೂ ಓಡುವ ಮಗು ಸೊರಗದಂತೆ ನೋಡಿಕೊಳ್ಳುವುದು ಹೇಗೆಂಬುದು. ಬಿ12 ಜೀವಸತ್ವವನ್ನು ಸಸ್ಯಾಹಾರ ಕೊಡದು. ಹಾಲನ್ನೂ ಬಿಟ್ಟವರು ಅದನ್ನು ಮಾತ್ರೆಯಾಗಿಯೇ ಪಡೆಯಬೇಕು, ಈ ವಿಷಯದಲ್ಲಿ ರಾಜಿಯಿಲ್ಲ. ಓಡುವ ಹೆಣ್ಣುಮಕ್ಕಳಿಗೆ ಕಬ್ಬಿಣದ ಕೊರತೆ ಇನ್ನೂ ಹತ್ತಿರದ ಅಪಾಯ. ಹುರುಳಿಯಲ್ಲಿ ಕಬ್ಬಿಣವಿದ್ದರೂ ಫೈಟೇಟ್ ಅದನ್ನು ಹಿಡಿದಿಡುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಆ ಹಿಡಿತ ಸಡಿಲುತ್ತದೆ. ಊಟದೊಡನೆ ನಿಂಬೆರಸವೋ ನೆಲ್ಲಿಕಾಯಿಯೋ ಇದ್ದರೆ ಹೀರಿಕೆ ಹೆಚ್ಚುತ್ತದೆ. ಉಂಡ ಕೂಡಲೇ ಚಹಾ ಕುಡಿಯುವ ನಮ್ಮ ಜಿಲ್ಲೆಯ ರೂಢಿ ಇದನ್ನೆಲ್ಲ ಕೆಡಿಸುತ್ತದೆ. ಸುಸ್ತು ಬಿಡದಿದ್ದರೆ ರಕ್ತಪರೀಕ್ಷೆಯೇ ದಾರಿ.

ಇದನ್ನು ಹುಡುಗಿಗೆ ಅವಳ ಮಾತಿನಲ್ಲಿ ಹೇಳುವವರು ಯಾರು? ಓಟ್ಸ್, ಬ್ರೊಕೋಲಿಗಳ ಪಟ್ಟಿ ಬರೆದುಕೊಡುವ ನಗರದ ಆಹಾರತಜ್ಞರಿಗೆ ಹಾಲಕ್ಕಿ ಹೆಂಗಸರು ಅಂಕೋಲೆಯ ಪೇಟೆಗೆ ಹೊತ್ತು ತರುವ ಹರಿವೆ, ಬಸಳೆಗಳ ಪರಿಚಯ ಕಡಿಮೆ. ಈ ಕೆಲಸಕ್ಕೆ ಇಲ್ಲಿಯ ಮಕ್ಕಳೇ ಬರಬೇಕು. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಆಹಾರ ಮತ್ತು ಪೋಷಣೆಯ ಪದವಿಯಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಪದವಿಯೂ ಇದೆ, ಅಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಸ್ಥಾನಗಳುಂಟು. ಆ ಬಳಿಕ ಸ್ನಾತಕೋತ್ತರ ವ್ಯಾಸಂಗ, ಆಸ್ಪತ್ರೆಯಲ್ಲಿ ಆರು ತಿಂಗಳ ತರಬೇತಿ, ಭಾರತೀಯ ಆಹಾರತಜ್ಞರ ಸಂಘದ ನೋಂದಣಿ ಪರೀಕ್ಷೆ. ದಾರಿ ಉದ್ದವೇ. ನಾಲ್ಕು ವಾರದ ಪ್ರಮಾಣಪತ್ರ ಹಿಡಿದು ಫಲಕ ಹಾಕುವವರ ಕಾಲದಲ್ಲಿ ಆ ಉದ್ದ ಅವಶ್ಯವೂ ಹೌದು. 2021ರ ಕೇಂದ್ರ ಕಾಯಿದೆಯು ಆಹಾರತಜ್ಞರನ್ನೂ ಆರೋಗ್ಯ ವೃತ್ತಿಗಳ ಸಾಲಿಗೆ ಸೇರಿಸಿದೆ.

ಅಷ್ಟರಲ್ಲಿ ಗದ್ದೆಯ ಕಡೆ ನೋಡುವವರೂ ಬೇಕು. ಭತ್ತದ ಕೊಯ್ಲಾದ ಮೇಲೆ ಉಳಿದ ತೇವದಲ್ಲೇ ಹುರುಳಿ, ಉದ್ದು, ಶೇಂಗಾ ಬೆಳೆಯುತ್ತಿದ್ದ ಮಕ್ಕಿಗದ್ದೆಗಳು ಬೀಳುಬಿದ್ದಿವೆ. ಗಜನಿಗಳು ಸಿಗಡಿ ಕೆರೆಗಳಾಗಿವೆ. ಡಬ್ಬಿಗೆ ತೆರುವ ಹಣದಲ್ಲಿ ಒಂದು ಮನೆಗೆ ವರ್ಷಕ್ಕಾಗುವಷ್ಟು ಹುರುಳಿ ಬರುತ್ತದೆ. ಊರಿನ ಯುವಕ ಸಂಘ, ಶಾಲೆಯ ಕ್ರೀಡಾಶಿಕ್ಷಕರು ಮತ್ತು ಸ್ತ್ರೀಶಕ್ತಿ ಗುಂಪುಗಳು ಈ ಹಂಗಾಮಿಗೆ ಮುಂಚೆ ಒಮ್ಮೆ ಕುಳಿತು, ಎಷ್ಟು ಮಕ್ಕಳು ಓಡುತ್ತಾರೆ, ಎಷ್ಟು ಕಾಳು ಬೇಕು, ಯಾರ ಗದ್ದೆ ಖಾಲಿಯಿದೆ ಎಂದು ಬರೆದಿಟ್ಟುಕೊಳ್ಳಲಿ. ಕೊಯ್ಲಾದ ಗದ್ದೆಯಲ್ಲಿ ತೇವ ಬಹಳ ದಿನ ನಿಲ್ಲದು. ಬಿತ್ತನೆಯ ಬೀಜ ಈಗಲೇ ಕೈಯಲ್ಲಿರಬೇಕು.